ಹಿಮದೂರಿಗೆ ಆರು ಟಿಕೆಟ್

ದುಬೈಯ ಅಲ್ ಕೂಜಿನ ಆ ಅಂಗಡಿಗೆ ಯಜಮಾನರು ಇಬ್ಬರು. ಆದರೆ ಇಬ್ಬರನ್ನೂ ಒಟ್ಟಿಗೆ ಕಂಡ ಗಿರಾಕಿಗಳು ಬಹಳ ಕಡಿಮೆ. ಜನವರಿಯಿಂದ ಜೂನ್ ತನಕ ಗಲ್ಲಾ ನೋಡಿಕೊಳ್ಳುವವನು ಮುಸ್‌ಅಬ್, ಜುಲೈಯಿಂದ ಡಿಸೆಂಬರ್ ತನಕ ಶಫಿ. ಒಬ್ಬ ದುಬೈಯಲ್ಲಿದ್ದರೆ ಇನ್ನೊಬ್ಬ ಭಟ್ಕಳದ ಮನೆಯಲ್ಲಿ. ಆರು ತಿಂಗಳು ದಾಟಿ ಹೊರಗಿದ್ದರೆ ರೆಸಿಡೆನ್ಸ್ ವೀಸಾ ಕೆಟ್ಟುಹೋಗುತ್ತದೆ. ಹಾಗಾಗಿ ಪಾಳಿ ಎಷ್ಟು ತಿಂಗಳಿರಬೇಕು ಎಂದು ಇವರು ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. ಒಬ್ಬ ಬಂದಿಳಿದು, ಎರಡು ದಿನ ಜತೆಗಿದ್ದು, ಸ್ಟಾಕು ನೋಡಿ ಬೀಗದ ಕೈ ತೆಗೆದುಕೊಂಡ ಮೇಲೆ ಇನ್ನೊಬ್ಬ ಹೊರಡುವುದು. ಹೀಗೆ ಇಪ್ಪತ್ತೆರಡು ವರ್ಷ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಿಂದ ಪೆಟ್ಟು ತಿಂದ ಗೆಳೆಯರು ವ್ಯಾಪಾರಕ್ಕೆ ಕೈ ಜೋಡಿಸಿದ್ದೇ ಜತೆಗಿರೋಣ ಎಂದು. ಕೈ ಜೋಡಿಸಿದ ಮಾರನೇ ದಿನದಿಂದ ಜತೆ ತಪ್ಪಿತು.

ಅದೇನು ದೊಡ್ಡ ವ್ಯಾಪಾರವಲ್ಲ. ರಜೆಗೆ ಊರಿಗೆ ಹೋಗುವ ಕೆಲಸಗಾರರು ಕೊಳ್ಳುವ ಸಾಮಾನು: ಹೂವಿನ ಚಿತ್ರದ ದಪ್ಪ ಬ್ಲಾಂಕೆಟ್, ಫ್ಲಾಸ್ಕ್, ಟಾರ್ಚ್, ಸೆಂಟು, ಹಾಲಿನ ಪುಡಿ, ತಲೆನೋವಿನ ತೈಲ. ಆದರೆ ಅಲ್ಲೊಂದು ಪದ್ಧತಿ ಇತ್ತು. ಲೇಬರ್ ಕ್ಯಾಂಪಿನಲ್ಲಿ ಒಬ್ಬನಿಗೆ ಸಿಗುವುದು ಒಂದು ಮಂಚ, ಮಂಚದಡಿಯ ಒಂದಿಷ್ಟು ಜಾಗ. ಅದಕ್ಕೆ ಅವರು ಈ ತಿಂಗಳು ಒಂದು ಸಾಮಾನು, ಮುಂದಿನ ತಿಂಗಳು ಇನ್ನೊಂದು ಎಂದು ಕೊಂಡು, ಅಂಗಡಿಯಲ್ಲೇ ತಮ್ಮ ಹೆಸರಿನ ರಟ್ಟಿನ ಪೆಟ್ಟಿಯೊಳಗೆ ಹಾಕಿಟ್ಟು ಹೋಗುತ್ತಿದ್ದರು. ವರ್ಷವೋ ಎರಡು ವರ್ಷವೋ ಕಳೆದು ಟಿಕೆಟ್ ಕೈಗೆ ಬಂದಾಗ ಪೆಟ್ಟಿಯ ಬಾಯಿ ಮುಚ್ಚಿ, ಹಗ್ಗ ಬಿಗಿದು, ತೂಕ ನೋಡಿ, ಮೇಲೆ ಹೆಸರು ಊರು ಬರೆದು ಕೊಡುವುದು ಅಂಗಡಿಯವರ ಕೆಲಸ. ಹಿಂದಿನ ಅಟ್ಟದಲ್ಲಿ ಯಾವಾಗ ನೋಡಿದರೂ ನಲವತ್ತು ಪೆಟ್ಟಿಗೆ ಕಡಿಮೆಯಿಲ್ಲ. ಇಷ್ಟು ವರ್ಷದಲ್ಲಿ ಒಬ್ಬನ ಒಂದು ಸಾಬೂನೂ ಆಚೀಚೆ ಆದದ್ದಿಲ್ಲ.

ಹಾಗಾಗಿ ಅಂಗಡಿ ಮುಚ್ಚುವ ಮಾತೇ ಅಲ್ಲಿ ಇರಲಿಲ್ಲ. ಶಫಿಯ ಮಗಳು ನುಹಾಳಿಗೂ ಮುಸ್‌ಅಬನ ಮಗ ಫರಾಝನಿಗೂ ಮದುವೆಯಾದಾಗಲೂ ಮುಚ್ಚಲಿಲ್ಲ. ಅದು ಮೇ ತಿಂಗಳು, ಊರಿಗೆ ಹೋಗುವವರ ಗಡಿಬಿಡಿ, ಪಾಳಿ ಮುಸ್‌ಅಬನದ್ದು. "ನಿಕಾಹ್‌ಗೆ ಹುಡುಗಿಯ ಅಪ್ಪ ಬೇಕೇ ಬೇಕು. ಹುಡುಗನ ಅಪ್ಪ ಬೇಕು ಅಂತ ಎಲ್ಲಿ ಬರ್ದದ್ದುಂಟು?" ಎಂದು ಹೇಳಿ ಅವನು ದುಬೈಯಲ್ಲೇ ಉಳಿದ. ಮಗನ ನಿಕಾಹನ್ನು ಫೋನಿನಲ್ಲಿ ನೋಡುತ್ತಾ ಯಾರದೋ ಪೆಟ್ಟಿಯ ತೂಕ ಬರೆದುಕೊಟ್ಟನಂತೆ. ಊರೆಲ್ಲ ನಗಾಡಿತು. ಶಫಿಯೂ ನಕ್ಕ. ಆದರೆ ಬೀಗನನ್ನು ಅಪ್ಪಿಕೊಳ್ಳಬೇಕಾದ ಹೊತ್ತಿನಲ್ಲಿ ಎದುರಿಗೆ ಬೀಗನೇ ಇಲ್ಲದೆ, ಅವನ ಅಣ್ಣನನ್ನು ಅಪ್ಪಿಕೊಂಡು ಬಂದದ್ದು ಶಫಿಗೆ ಒಳಗೆಲ್ಲೋ ಚುಚ್ಚುತ್ತಲೇ ಇತ್ತು.

ಇದು ಎರಡು ವರ್ಷದ ಹಿಂದಿನ ಮಾತಾಯಿತು. 2017ರ ಅಕ್ಟೋಬರಿನ ಒಂದು ಶುಕ್ರವಾರ ಶಫಿ ಎಂದಿನಂತೆ ಮಗಳ ಮನೆಗೆ ಊಟಕ್ಕೆ ಹೋಗಿದ್ದ. ನುಹಾ ಶಾಲೆಯೊಂದರಲ್ಲಿ ಟೀಚರ್; ಫರಾಝ್ ದಿನಾ ಅಬುಧಾಬಿಗೆ ಹೋಗಿಬರುವ ಇಂಜಿನಿಯರ್. ಊಟ ಮುಗಿದು ಚಹಾ ಬರುವ ಮೊದಲೇ ನುಹಾ ಲ್ಯಾಪ್‌ಟಾಪ್ ತಂದು ಅಪ್ಪನ ಮಡಿಲಲ್ಲಿ ಇಟ್ಟಳು.

"ಅಬ್ಬಾ, ಇದು ನೋಡಿ. ಜಾರ್ಜಿಯಾದ ಬೆಟ್ಟದ ಮೇಲೆ ಒಂದು ಊರಷ್ಟು ದೊಡ್ಡ ಸ್ಕೀ ರಿಸಾರ್ಟ್. ಫೈವ್ ಸ್ಟಾರ್. ಇಲ್ಲಿಂದ ಮೂರೂವರೆ ಗಂಟೆಯ ಫ್ಲೈಟ್ ಅಷ್ಟೆ. ಡಿಸೆಂಬರ್ ರಜೆಯಲ್ಲಿ ನಾವು ಹೋಗುವ ಅಂತ ಉಂಟು. ನೀವೆಲ್ಲ ಬಂದ್ರೆ ಚಂದ."

ಶಫಿ ಚಿತ್ರಗಳನ್ನು ನೋಡಿದ. ಬಿಳಿ ಬೆಟ್ಟ, ಅದರ ಮೇಲೆ ತಂತಿಗೆ ನೇತುಹಾಕಿದ ಕುರ್ಚಿಗಳು, ಕೆಳಗೆ ಹೊಗೆ ಏಳುವ ನೀಲಿ ಈಜುಕೊಳ, ಅದರೊಳಗೆ ನಗುವ ಜನ.

"ನಾನು ಅಲ್ಲಿ ಹೋಗಿ ಎಂತ ಮಾಡುದು? ಫ್ರಿಜ್ಜಿನ ಬಾಗಿಲು ತೆಗ್ದು ಎದುರು ಕೂತ್ರೆ ಸಾಲ್ದಾ?"

"ಸ್ಕೀಯಿಂಗ್ ಮಾಡ್ಲೇಬೇಕು ಅಂತ ಇಲ್ಲ ಅಬ್ಬಾ. ಮಾಮುಗೂ ಆಗುದಿಲ್ಲ, ಕುಂಟ್ತಾರಲ್ವಾ. ಅವ್ರೂ ನೀವೂ ಗಾಜಿನ ಹಿಂದೆ ಕೂತು ಚಹಾ ಕುಡೀರಿ."

"ಯಾರು ಕುಂಟ್ತಾರೆ?"

ನುಹಾ ಗಂಡನ ಮುಖ ನೋಡಿದಳು. ಫರಾಝ್ ನಿಧಾನಕ್ಕೆ ಹೇಳಿದ: "ನನ್ನ ಅಬ್ಬಾಗೆ ಬಲಗಾಲಿನ ಮಂಡಿ ಹೋಗಿದೆ. ಎರಡು ವರ್ಷ ಆಯ್ತು. ನಿಮ್ಗೆ ಗೊತ್ತಿಲ್ವಾ?"

ಶಫಿಗೆ ಗೊತ್ತಿರಲಿಲ್ಲ. ದಿನಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡುತ್ತಿದ್ದರು, ಆದರೆ ಫೋನಿನಲ್ಲಿ ಕಾಲು ಕಾಣುವುದಿಲ್ಲ. ಕೂಡಿ ಇರುವ ಎರಡು ದಿನ ಒಬ್ಬ ಅಟ್ಟದ ಮೇಲೆ, ಇನ್ನೊಬ್ಬ ಕೆಳಗೆ. ಬ್ಲಾಂಕೆಟ್ ಎಷ್ಟು, ಫ್ಲಾಸ್ಕ್ ಎಷ್ಟು ಎಂದು ಕೂಗುವುದರಲ್ಲೇ ಮುಗಿಯುತ್ತಿತ್ತು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಅವನು ಬೆರಳು ಮಡಿಸಿ ನೋಡಿದ. ವರ್ಷಕ್ಕೆ ಎರಡು ಸಲ, ಸಲಕ್ಕೆ ಎರಡು ದಿನ. ಇಪ್ಪತ್ತೆರಡು ವರ್ಷಕ್ಕೆ ಎಂಬತ್ತೆಂಟು ದಿನ. ಮೂರು ತಿಂಗಳೂ ತುಂಬಲಿಲ್ಲ! ಗೆಳೆಯ ಕುಂಟುವುದು ಸೊಸೆಗೆ ಗೊತ್ತು, ತನಗೆ ಗೊತ್ತಿಲ್ಲ. ಶಫಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಹೆದರಿಕೆಯೂ ಆಯಿತು. ತನಗೆ ಐವತ್ತೈದು, ಅವನಿಗೂ ಐವತ್ತೈದು. ಇನ್ನೊಂದು ಇಪ್ಪತ್ತೆರಡು ವರ್ಷ ಉಂಟು ಎಂದು ಬರೆದುಕೊಟ್ಟವರು ಯಾರು?

ಬಸ್ಸಿನಿಂದ ಇಳಿಯುವ ಮೊದಲೇ ಮಗಳಿಗೆ ಫೋನ್ ಮಾಡಿದ. "ಆರು ಟಿಕೆಟ್ ಮಾಡು," ಎಂದ. "ಮಕ್ಕಳಿಗೆ ಭಾರೀ ಆಸೆ ಅಂತ ನಾನು ಮುಸ್‌ಅಬನಿಗೆ ಹೇಳ್ತೇನೆ."

ಅಲ್ಲಿಂದ ಶುರುವಾಯಿತು ನೋಡಿ ಗಲಾಟೆ. ಹಿಮ ನೋಡಲು ಹೋಗುವುದೆಂದರೆ ಹಜ್‌ಗೆ ಹೊರಟಷ್ಟೇ ಕಾಗದಪತ್ರ ಎಂದು ಶಫಿಗೆ ಯಾರೂ ಹೇಳಿರಲಿಲ್ಲ. ಹೆಂಗಸರಿಗೆ ಊರಿನಿಂದ ದುಬೈಗೆ ವಿಸಿಟ್ ವೀಸಾ, ದುಬೈಯಿಂದ ಜಾರ್ಜಿಯಾಕ್ಕೆ ಇನ್ನೊಂದು ವೀಸಾ, ಬಿದ್ದು ಕಾಲು ಮುರಿದರೆ ಇನ್ಶೂರೆನ್ಸ್. ಅದರ ಮೇಲೆ ರಿಸಾರ್ಟಿನವರ ಫಾರ್ಮು: ಪ್ರತಿಯೊಬ್ಬರ ಎತ್ತರ, ತೂಕ, ಪಾದದ ಅಳತೆ, ಹಿಮದಲ್ಲಿ ಜಾರಿದ ಅನುಭವ.

ನುಹಾ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಟ್ಕಳಕ್ಕೆ ವೀಡಿಯೋ ಕಾಲ್ ಹಾಕಿದಳು. ಆ ಕಡೆ ಶಫಿಯ ಹೆಂಡತಿ ಶಮೀಮಾ, ಮುಸ್‌ಅಬನ ಹೆಂಡತಿ ಹಲೀಮ ಒಂದೇ ಫೋನಿಗೆ ಮುಖ ತುರುಕಿ ಕೂತಿದ್ದರು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಗಂಡಂದಿರು ಪಾಳಿಯಲ್ಲಿ ಬಂದು ಹೋದರೂ ಇವರಿಬ್ಬರ ಒಡನಾಟ ಮಾತ್ರ ಒಂದು ದಿನ ತಪ್ಪಿದ್ದಲ್ಲ.

"ಅಮ್ಮಿ, ನಿಮ್ಮ ತೂಕ ಹೇಳಿ."

"ಅವ್ರಿಗೆ ಯಾಕೆ ನನ್ನ ತೂಕ? ಮಾರ್ಲಿಕ್ಕುಂಟಾ?" ಎಂದಳು ಶಮೀಮಾ.

"ಸ್ಕೀ ಕಟ್ಟುವಾಗ ಬೇಕು ಅಮ್ಮಿ. ಸೇಫ್ಟಿಗೆ."

"ಐವತ್ತೆಂಟು ಬರಿ," ಎಂದಳು ಶಮೀಮಾ. ಹಲೀಮ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿ ನಕ್ಕಳು. "ಒಂದು ಕಾಲಿನದ್ದು ಹೇಳಿದ್ಲು, ಇನ್ನೊಂದರದ್ದೂ ಬರ್ಕೋ," ಎಂದಳು. ಜಾರಿದ ಅನುಭವ ಉಂಟೇ ಎಂಬ ಪ್ರಶ್ನೆಗೆ ಇಬ್ಬರೂ ಬಾವಿಕಟ್ಟೆಯ ಹೆಸರು ಹೇಳಿದರು.

ಆಮೇಲೆ ಕೋಣೆಗಳ ವಿಷಯ ಬಂತು. ಮೂರು ಜೋಡಿಗೆ ಮೂರು ಕೋಣೆ ಎಂದು ನುಹಾ ಹಾಕಿದ್ದಳು. ಶಫಿ ಗಂಟಲು ಸರಿಮಾಡಿಕೊಂಡು, "ಒಂದು ರೂಮಲ್ಲಿ ನಾನು ಮುಸ್‌ಅಬ್ ಇರ್ತೇವೆ. ಹೆಂಗಸ್ರು ಒಂದ್ರಲ್ಲಿ ಇರ್ಲಿ," ಎಂದ.

ಶಮೀಮಾ ಗಂಡನ ಮುಖವನ್ನು ಸಣ್ಣ ಪರದೆಯಲ್ಲೇ ಹುಡುಕಿ ನೋಡಿದಳು. ವರ್ಷದಲ್ಲಿ ಅರ್ಧ ಮಾತ್ರ ಸಿಗುವ ಗಂಡ. ಫೈವ್ ಸ್ಟಾರ್ ಕೋಣೆಯೂ ಕೈತಪ್ಪಿತು. ಬೇರೆಯವಳಾಗಿದ್ದರೆ ಮೂರು ದಿನ ಮಾತು ಬಿಡುತ್ತಿದ್ದಳು. ಇವಳು ಹಲೀಮಳ ಕಡೆ ತಿರುಗಿ, "ನಿನ್ನ ಗೊರಕೆ ನಂಗೆ ಅಭ್ಯಾಸ ಉಂಟು. ಇವರ ಗೊರಕೆ ಅವರಿಗಿರ್ಲಿ," ಎಂದು ಮುಗಿಸಿಬಿಟ್ಟಳು.

ಮುಸ್‌ಅಬ್ ಆ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಳಗೆ ಬಂದ. ಪರದೆಯ ಮೂಲೆಯಲ್ಲಿ ಅವನ ಬಿಳಿ ಗಡ್ಡ ಮಾತ್ರ ಕಂಡಿತು.

"ಅಂಗಡಿ?" ಎಂದು ಕೇಳಿದ. ನಮಸ್ಕಾರವಿಲ್ಲ, ಕುಶಲವಿಲ್ಲ.

"ಏಳು ದಿನ ಮುಚ್ಚುದು. ಮಕ್ಕಳಿಗೆ ಆಸೆ, ಮಾರಾಯ. ಟಿಕೆಟೂ ಆಗಿದೆ, ಹಿಂದೆ ಕೊಡ್ಲಿಕ್ಕೆ ಆಗುದಿಲ್ಲ. ನಿನ್ನ ಪಾದ ಎಷ್ಟು?"

ಗಡ್ಡ ಪರದೆಯ ಮೂಲೆಯಿಂದ ಸರಿದುಹೋಯಿತು. ಹಲೀಮ, "ಎಂಟು! ಎಂಟು ಬರೀರಿ!" ಎಂದು ಕೂಗಿದಳು. ಶಫಿ ಎಂಟು ಬರೆಸಿದ. ಪಾದದ ಅಳತೆ ಸಿಕ್ಕಿತೆಂದರೆ ಮನುಷ್ಯನೇ ಒಪ್ಪಿದ ಹಾಗೆ ಎಂದು ತಿಳಿದ.

ಇನ್ನು ಉಳಿದದ್ದು ಅಟ್ಟದ ಪೆಟ್ಟಿಗಳು. ಮುಚ್ಚುವ ಏಳು ದಿನದಲ್ಲಿ ಊರಿಗೆ ಹೊರಡುವವರು ಹನ್ನೊಂದು ಮಂದಿ. ಶಫಿ ಹನ್ನೊಂದು ಮಂದಿಗೂ ಫೋನ್ ಮಾಡಿ, ಈ ಸಲ ಬೇಗ ಬಂದು ಪೆಟ್ಟಿ ಒಯ್ಯಿರಿ ಎಂದ. ಯಾರೂ ಇಲ್ಲ ಎನ್ನಲಿಲ್ಲ. ಡಿಸೆಂಬರಿನ ಎರಡನೇ ವಾರ ಒಬ್ಬೊಬ್ಬರಾಗಿ ಬಂದು ಹೆಗಲ ಮೇಲೆ ಹೊತ್ತು ಹೋದರು.

ಪುತ್ತೂರಿನ ಕಡೆಯ ಸೇಸಪ್ಪ ಎಂಬಾತನೂ ಬಂದ. ಕಬ್ಬಿಣ ಕಟ್ಟುವ ಕೆಲಸದವನು. ಮೊದಲು ಅಲ್ ಕೂಜ್ ಕ್ಯಾಂಪಿನಲ್ಲಿದ್ದ. ಕಂಪನಿ ಅವನನ್ನು ದೂರದ ಮುಹೈಸ್ನಾ ಕ್ಯಾಂಪಿಗೆ ಹಾಕಿ ವರ್ಷವಾಗಿತ್ತು. ಆದರೂ ಎರಡು ಬಸ್ಸು ಬದಲಿಸಿ ಇದೇ ಅಂಗಡಿಗೆ ಬರುತ್ತಿದ್ದ.

"ನಿಂದು ಇಪ್ಪತ್ತಾರಕ್ಕೆ ಅಲ್ವಾ ಸೇಸಪ್ಪ? ಹನ್ನೆರಡು ದಿನ ರೂಮಲ್ಲಿ ಇಟ್ಕೊಳ್ಳಿಕ್ಕೆ ಆಗ್ತದಲ್ಲ?"

"ಅಡ್ಡಿ ಇಲ್ಲ ಸಾವ್ಕಾರ್ರೆ. ನೀವು ಹೋಗಿ ಬನ್ನಿ. ಯಾವತ್ತು ಹೋದವ್ರು ನೀವು?" ಎಂದ ಸೇಸಪ್ಪ. ಬಸ್ಸಿನವನು ಅಷ್ಟು ದೊಡ್ಡ ಪೆಟ್ಟಿ ಹತ್ತಿಸಿಕೊಳ್ಳುತ್ತಾನೋ ಇಲ್ಲವೋ ಎಂದು ಶಫಿ ಕೇಳಲಿಲ್ಲ. ಕೇಳಬೇಕು ಎಂದು ತೋಚಿತ್ತು, ಆದರೆ ಕೇಳಿದರೆ ಉತ್ತರ ಬರುತ್ತದಲ್ಲ! ಹಾಗಾಗಿ ಬಾಗಿಲ ತನಕ ಬಂದು ಪೆಟ್ಟಿಗೆ ಒಂದು ಕೈ ಕೊಟ್ಟು ಒಳಗೆ ಹೋದ.

ಇಪ್ಪತ್ತೊಂದಕ್ಕೆ ಮುಸ್‌ಅಬ್ ಹೆಂಗಸರಿಬ್ಬರನ್ನು ಕರೆದುಕೊಂಡು ಬಂದಿಳಿದ. ಬ್ಯಾಗು ಮಗನ ಮನೆಯಲ್ಲಿ ಎಸೆದು ನೇರ ಅಂಗಡಿಗೆ ಬಂದ. ಅವನು ರಸ್ತೆ ದಾಟಿ ಬರುವುದನ್ನು ಶಫಿ ಈ ಸಲ ಕಾಲು ನೋಡುತ್ತಲೇ ಕಾದ. ಹೌದು, ಕುಂಟುತ್ತಿದ್ದ. ಬಲಗಾಲು ಹೆಜ್ಜೆಗೊಮ್ಮೆ ಹೊರಗೆ ತಿರುಗುತ್ತಿತ್ತು. ಶಫಿ ಎರಡು ಹೆಜ್ಜೆ ಎದುರು ಹೋದ. ಅಪ್ಪಿಕೊಂಡು ಸಲಾಂ ಹೇಳಿದ ಮೇಲೆ ಕಾಲಿನ ವಿಷಯ ಎತ್ತಬೇಕೆಂದಿದ್ದ, ಅಷ್ಟರಲ್ಲಿ ಮುಸ್‌ಅಬ್ ಅಟ್ಟದ ಏಣಿಯ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದ.

"ಸೇಸಪ್ಪನ ಪೆಟ್ಟಿ ಎಲ್ಲಿ?"

"ಒಯ್ದ."

"ಎಲ್ಲಿಗೆ?"

"ಅವನ ರೂಮಿಗೆ."

"ರೂಮಲ್ಲಿ ಜಾಗ ಇದ್ದಿದ್ರೆ ಇಲ್ಲಿ ಯಾಕೆ ಇಡ್ತಿದ್ದ?"

ಮುಸ್‌ಅಬ್ ಬೈಯಲಿಲ್ಲ, ಹುಬ್ಬೂ ಏರಿಸಲಿಲ್ಲ. ಗಲ್ಲಾದ ಪುಸ್ತಕ ತೆಗೆದು, ಹನ್ನೊಂದು ಹೆಸರಿನ ಮೇಲೆ ಒಂದೊಂದಾಗಿ ಬೆರಳಾಡಿಸಿ ಮುಚ್ಚಿಟ್ಟ. "ಬ್ಲಾಂಕೆಟ್ ಎಷ್ಟು ಉಳಿದಿದೆ?" ಎಂದು ಬೇರೆ ಮಾತಿಗೆ ಹೋದ. ಶಫಿ, ಬಿರುಗಾಳಿ ದಾಟಿತು ಎಂದು ಉಸಿರುಬಿಟ್ಟ. ಮುಸ್‌ಅಬ್ ಬೈದರೆ ಕೆಲಸ ಮುಗಿದಂತೆ, ಬೈಯದಿದ್ದರೆ ಶುರುವಾದಂತೆ ಎಂಬುದು ಹಲೀಮಳಿಗೆ ಗೊತ್ತಿತ್ತು. ಎಂಬತ್ತೆಂಟು ದಿನದ ಗೆಳೆಯನಿಗೆ ಅದು ಎಲ್ಲಿಂದ ಗೊತ್ತಾಗಬೇಕು?

ಹೊರಡುವ ಹಿಂದಿನ ದಿನ ಶಫಿ ಒಂದು ದೊಡ್ಡ ಪೆಟ್ಟಿಗೆ ತನ್ನ ಅಂಗಡಿಯ ನಾಲ್ಕು ಬ್ಲಾಂಕೆಟ್ ತುಂಬಿದ. ನುಹಾಳಿಗೆ ಗೊತ್ತಾಗಿ ಫೋನಿನಲ್ಲೇ ತಲೆ ಚಚ್ಚಿಕೊಂಡಳು. "ಅಬ್ಬಾ, ಇಟ್ಸ್ ಫೈವ್ ಸ್ಟಾರ್! ಹೀಟರ್ ಉಂಟು, ಎಲ್ಲ ಉಂಟು!"

"ಹೀಟರು ಕೆಟ್ರೆ? ಫೈವ್ ಸ್ಟಾರಿನವ್ರ ಬ್ಲಾಂಕೆಟ್ ಕಾಗದದ ಹಾಗೆ ಇರ್ತದೆ. ನಿನ್ನ ಮಾಮುಗೆ ಮಂಡಿ ನೋವು, ಚಳಿ ಆಗ್ಬಾರ್ದು," ಎಂದ ಶಫಿ. ಬ್ಲಾಂಕೆಟ್ ಮಾರಿ ಮಗಳನ್ನು ಓದಿಸಿದ ಮನುಷ್ಯನಿಗೆ ಬ್ಲಾಂಕೆಟ್ ವಿಷಯದಲ್ಲಿ ಬುದ್ಧಿ ಹೇಳಲು ಯಾವ ರಿಸಾರ್ಟಿಗೂ ಅಧಿಕಾರವಿರಲಿಲ್ಲ.

ಇಪ್ಪತ್ತನಾಲ್ಕು, ಭಾನುವಾರ. ಬೆಳಿಗ್ಗೆ ಆರಕ್ಕೆ ಶಫಿ ತನ್ನ ರೂಮಿನಿಂದ ಟ್ಯಾಕ್ಸಿ ಹಿಡಿದು ಏರ್‌ಪೋರ್ಟಿಗೆ ಬಂದ. ಹೊಸ ಜಾಕೆಟ್ ಮೈಮೇಲೇ ಇತ್ತು. ಡ್ರೈವರ್ ಎರಡು ಸಲ ಕನ್ನಡಿಯಲ್ಲಿ ನೋಡಿ ಎಸಿ ಜೋರು ಮಾಡಿದ. ಮಗಳು, ಅಳಿಯ, ಶಮೀಮಾ, ಹಲೀಮ ನಾಲ್ವರೂ ಕೌಂಟರಿನ ಹತ್ತಿರ ನಿಂತಿದ್ದರು.

"ಮುಸ್‌ಅಬ್ ಎಲ್ಲಿ?" ಎಂದ ಶಫಿ.

"ನಿಮ್ಮ ಜತೆ ಬರ್ತೇನೆ ಅಂತ ಐದೂವರೆಗೇ ಹೊರಟ್ರಲ್ಲ?" ಎಂದ ಫರಾಝ್.

ಹಲೀಮ ಬುರ್ಖಾದ ಅಂಚು ಸರಿಮಾಡಿಕೊಂಡಳು. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

ಶಫಿ ಫೋನ್ ಮಾಡಿದ. ಮೂರನೇ ರಿಂಗಿಗೆ ಎತ್ತಿದ ಮುಸ್‌ಅಬನ ಹಿಂದೆ ಟೇಪು ಎಳೆಯುವ ಚರಚರ ಸದ್ದು ಕೇಳಿತು. ಆ ಸದ್ದನ್ನು ಶಫಿ ನಿದ್ದೆಯಲ್ಲೂ ಗುರುತಿಸುತ್ತಿದ್ದ.

"ಅಂಗಡಿಯಲ್ಲಿದ್ದೀಯಾ?"

"ಹೌದು. ಹನ್ನೊಂದು ಮಂದಿಗೂ ಪೆಟ್ಟಿ ತಿರ್ಗಿ ತನ್ನಿ ಅಂತ ಹೇಳಿದ್ದೇನೆ. ಸೇಸಪ್ಪನ ಪೆಟ್ಟಿ ಕ್ಯಾಂಪಿನ ಹೊರಗೆ ಗೋಡೆ ಹತ್ರ ಇತ್ತಂತೆ, ಹತ್ತು ದಿನ. ಅವ ರಾತ್ರಿ ಎದ್ದು ಎದ್ದು ಹೋಗಿ ನೋಡಿ ಬರ್ತಿದ್ದನಂತೆ."

"ನೀನು ಬರ್ತೇನೆ ಅಂತ ಹೇಳಿ..."

"ನಾನು ಯಾವಾಗ ಹೇಳಿದ್ದು? ಪಾದದ ಅಳತೆ ಕೊಟ್ಟದ್ದು ಹಲೀಮ." ಆಮೇಲೆ ದನಿ ತಗ್ಗಿಸಿ ಹೇಳಿದ: "ನೀನು ಹೋಗು ಶಫಿ. ಮಕ್ಕಳ ಜತೆ ಚಂದ ಇದ್ದು ಬಾ. ನಿನ್ನ ಪಾಳಿ ಹೇಗೂ ಮುಗೀತಲ್ಲ. ಯಲ್ಲಾ, ಇಡ್ತೇನೆ, ಇಲ್ಲಿ ಜನ ಇದ್ದಾರೆ," ಎಂದು ಇಟ್ಟುಬಿಟ್ಟ.

ಶಫಿ ಫೋನು ಹಿಡಿದು ನಿಂತೇ ಇದ್ದ. ಮೊದಲು ಬಂದದ್ದು ಸಿಟ್ಟು. ಮಗನ ಮದುವೆಗೆ ಬಾರದವನು ತನ್ನ ಕರೆಗೆ ಬಂದಾನೆಂದು ತಿಳಿದ ತನ್ನ ಬುದ್ಧಿಗೆ ಏನು ಹೇಳುವುದು? ಸಿಟ್ಟಿನ ಅಡಿಯಲ್ಲಿ ಇನ್ನೊಂದು ಇತ್ತು: ಗೋಡೆಯ ಹತ್ತಿರದ ಆ ಪೆಟ್ಟಿ. ತಪ್ಪು ತನ್ನದೇ. ಅದಕ್ಕೂ ಅಡಿಯಲ್ಲಿ ಬರೀ ದುಃಖ. ಎರಡು ತಿಂಗಳಿನಿಂದ ಅವನು ಮನಸ್ಸಿನಲ್ಲೇ ಆ ಗಾಜಿನ ಹಿಂದೆ ಮುಸ್‌ಅಬನ ಎದುರು ಕೂತು ಚಹಾ ಕುಡಿದಿದ್ದ, ಏನೇನು ಕೇಳಬೇಕೆಂದು ಜೋಡಿಸಿಟ್ಟಿದ್ದ. ಈಗ ಆ ಬೆಟ್ಟಕ್ಕೆ ಹೋಗಿ ಒಂದು ಕೋಣೆಯಲ್ಲಿ ಒಬ್ಬನೇ ಇರಬೇಕು. ಅದು ಮತ್ತೊಂದು ಪಾಳಿಯೇ ಆಯಿತಲ್ಲ!

"ಅಬ್ಬಾ, ಚೆಕ್ ಇನ್ ಮಾಡುವ. ಲೇಟ್ ಆಗ್ತದೆ," ಎಂದಳು ನುಹಾ.

ಶಫಿ ಅಲ್ಲಾಡಲಿಲ್ಲ. ಶಮೀಮಾ ಹತ್ತಿರ ಬಂದು ಅವನ ಜಾಕೆಟಿನ ಜಿಪ್ಪನ್ನು ಕೆಳಗೆ ಎಳೆದಳು. ಅವನು ಬೆವರಿ ನೀರಾಗಿದ್ದ.

"ಹೋಗಿ," ಎಂದಳು ಮೆಲ್ಲಗೆ. "ಹಿಮ ನೋಡ್ಲಿಕ್ಕೆ ಹೊರಟದ್ದು ನಾವು. ನೀವು ಹೊರಟದ್ದು ಅವ್ರ ಜತೆ ಇರ್ಲಿಕ್ಕೆ. ನಂಗೆ ಗೊತ್ತಿಲ್ವಾ?"

"ನಿಂಗೆ ಬೇಜಾರಿಲ್ವಾ?"

"ಬೇಜಾರು ಉಂಟು. ಆದ್ರೆ ಅಲ್ಲಿ ಏಳು ದಿನ ನಿಮ್ಮ ಈ ಮೋರೆ ನೋಡುದು ಅದಕ್ಕಿಂತ ದೊಡ್ಡ ಬೇಜಾರು. ಜನವರಿ ಒಂದಕ್ಕೆ ಊರಿಗೆ ಬರ್ತೀರಲ್ಲ, ಆಗ ಆರು ತಿಂಗಳು ನಂದೇ ಪಾಳಿ."

"ಅಬ್ಬಾ, ನಾನ್ ರಿಫಂಡಬಲ್!" ಎಂದು ನುಹಾ ಅಳುವ ದನಿಯಲ್ಲಿ ಹೇಳುತ್ತಿದ್ದಂತೆ ಶಫಿ ಅವಳ ತಲೆ ಸವರಿ, ಬ್ಲಾಂಕೆಟ್ ಪೆಟ್ಟಿಯಿದ್ದ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ.

ಅಂಗಡಿ ಮುಟ್ಟುವಾಗ ಒಂಬತ್ತೂವರೆ. ಒಳಗೆ ಸೇಸಪ್ಪ ಸೇರಿ ಮೂರು ಮಂದಿ ಗಿರಾಕಿಗಳು, ನೆಲದ ಮೇಲೆ ಅವನ ಪೆಟ್ಟಿ. ಅದರ ಒಂದು ಮೂಲೆ ಇಬ್ಬನಿಗೆ ನೆನೆದು ಮೆತ್ತಗಾಗಿತ್ತು. ಮುಸ್‌ಅಬ್ ಸಾಮಾನನ್ನೆಲ್ಲ ಹೊಸ ಪೆಟ್ಟಿಗೆ ವರ್ಗಾಯಿಸಿ ಬಾಯಿ ಮುಚ್ಚುತ್ತಿದ್ದ. ಶಫಿಯನ್ನು ಕಂಡು ಅವನ ಕೈ ನಿಂತಿತು.

"ಫ್ಲೈಟ್ ತಪ್ಪಿತಾ?"

"ತಪ್ಪಲಿಲ್ಲ. ಬಿಟ್ಟು ಬಂದೆ." ದಾರಿಯುದ್ದಕ್ಕೂ ನುಂಗಿಕೊಂಡು ಬಂದದ್ದೆಲ್ಲ ಶಫಿಯ ಬಾಯಿಗೆ ಬಂತು. "ನಂಗೆ ಹಿಮ ಯಾಕೆ ಬೇಕು ಮಾರಾಯ? ನಿನ್ನ ಜತೆ ಏಳು ದಿನ ಕೂರ್ಬೇಕು ಅಂತ ನಾನು ಇಷ್ಟೆಲ್ಲ ಕುಣಿದದ್ದು. ನಿನ್ನ ಕಾಲು ಹೋದದ್ದು ನಂಗೆ ಮಗಳು ಹೇಳ್ಬೇಕಾಯ್ತು. ಇಪ್ಪತ್ತೆರಡು ವರ್ಷ! ನಾನು ಸತ್ರೂ ನೀನು ಫೋನಲ್ಲೇ ನೋಡುವವ!"

ಮುಸ್‌ಅಬ್ ಟೇಪನ್ನು ಕೆಳಗಿಟ್ಟ. ಕಣ್ಣು ಕೆಂಪಾಯಿತು. "ಮಕ್ಕಳಿಗೆ ಆಸೆ ಅಂತ ಹೇಳಿದ್ದಿ ನೀನು," ಎಂದ. "ನಿಂಗೆ ಆಸೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಮಕ್ಕಳ ಆಸೆಗೆ ನಾನು ಯಾಕೆ ಈ ಜನರ ಪೆಟ್ಟಿ ಹೊರಗೆ ಹಾಕ್ಲಿ?"

"ಹೇಳಿದ್ರೆ ಬರ್ತಿದ್ದೆಯಾ?"

"ಇಲ್ಲ. ಆದ್ರೆ ನೀನು ಹೋಗದ ಹಾಗೆ ನೋಡ್ಕೊಳ್ತಿದ್ದೆ."

ಸೇಸಪ್ಪ ಕೆಮ್ಮಿದ. "ಸಾವ್ಕಾರ್ರೆ, ಜಗಳ ಮತ್ತೆ ಮಾಡುವ. ನಂಗೆ ಡ್ಯೂಟಿ ಉಂಟು."

ಮುಸ್‌ಅಬ್ ಹಗ್ಗ ತೆಗೆದುಕೊಂಡು, ಬಲ ಮಂಡಿಯನ್ನು ಪೆಟ್ಟಿಯ ಮೇಲೆ ಊರಿ, ಮುಖ ಕಿವುಚಿಕೊಂಡು ಎಳೆಯಲು ಹೊರಟ. ಶಫಿಗೆ ಆಗ ಹೊಳೆಯಿತು, ಆ ಮಂಡಿ ಹೋದದ್ದು ಎಲ್ಲಿ ಎಂದು. ತಾನೂ ಹಾಗೆಯೇ ಬಿಗಿಯುವವನು, ಎಡ ಮಂಡಿ ಊರಿ. ತನ್ನ ಎಡ ಮಂಡಿಯೂ ಊರಿನ ಜೂನ್ ಮಳೆಗೆ ತಕರಾರು ಮಾಡುತ್ತಿತ್ತು. ಪೆಟ್ಟಿಗೆ ಹಗ್ಗ ಬಿಗಿಯುವುದು ಇಬ್ಬರ ಕೆಲಸ. ಅದನ್ನು ಇಷ್ಟು ವರ್ಷ ಇಬ್ಬರೂ ಒಬ್ಬೊಬ್ಬರೇ ಮಾಡಿದ್ದರು.

"ಕಾಲು ತೆಗಿ," ಎಂದ ಶಫಿ. ಜಾಕೆಟ್ ಬಿಚ್ಚಿ ಎಸೆದು ಎರಡೂ ಕೈಯಿಂದ ಪೆಟ್ಟಿ ಒತ್ತಿ ಹಿಡಿದ. ಮುಸ್‌ಅಬ್ ಎಳೆದ. ಹಗ್ಗ ಒಂದೇ ಏಟಿಗೆ ಕೂತಿತು.

"ಗಂಟು ಮೇಲೆ ಹಾಕು," ಎಂದ ಶಫಿ.

"ಬದಿಗೆ ಹಾಕ್ಬೇಕು. ಮೇಲೆ ಹಾಕಿದ್ರೆ ಏರ್‌ಪೋರ್ಟಿನ ಬೆಲ್ಟಿಗೆ ಸಿಕ್ಕಿ ಹರೀತದೆ."

"ಇಷ್ಟು ವರ್ಷ ನಾನು ಮೇಲೆ ಹಾಕಿದ್ದು ಎಷ್ಟು ಹರಿದಿದೆ?"

"ಯಾರು ಬಂದು ಹೇಳ್ತಾರೆ? ಹರಿದವ್ರು ನನ್ನ ಪಾಳಿಯಲ್ಲಿ ಬಂದು ಬೈತಾರೆ!"

ಸೇಸಪ್ಪ ಗಂಟು ತಾನೇ ಹಾಕಿಕೊಂಡು ಪೆಟ್ಟಿಯನ್ನು ಅಟ್ಟದ ಬುಡಕ್ಕೆ ತಳ್ಳಿ ಹೋದ. ಗಿರಾಕಿಗಳು ಖಾಲಿಯಾದ ಮೇಲೆ ಇಬ್ಬರಿಗೂ ಒಂದು ಹೊಸ ತಾಪತ್ರಯ ಎದುರಾಯಿತು. ಗಲ್ಲಾದ ಹಿಂದೆ ಇದ್ದದ್ದು ಒಂದೇ ಕುರ್ಚಿ. ಎರಡನೆಯದು ಬೇಕು ಎಂದು ಇಷ್ಟು ವರ್ಷ ಯಾರಿಗೂ ಅನ್ನಿಸಿರಲಿಲ್ಲ. ನೀನು ಕೂರು, ನೀನು ಕೂರು ಎಂದು ಇಬ್ಬರೂ ಒಂದು ಗಂಟೆ ನಿಂತೇ ವ್ಯಾಪಾರ ಮಾಡಿದರು.

ಮಧ್ಯಾಹ್ನ ಒಂದಕ್ಕೆ ಎಂದಿನಂತೆ ಷಟರ್ ಇಳಿಸಿ, ಎದುರಿನ ಕೆಫೆಟೇರಿಯಾದಿಂದ ಮೀನು, ಅನ್ನ ತರಿಸಿ ತಿಂದರು. ಮುಸ್‌ಅಬ್ ಅನ್ನವನ್ನು ಬಿಸಿ ಆರುವ ತನಕ ಮುಟ್ಟುವುದಿಲ್ಲ, ಮೀನಿನ ತಲೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಾನೆ ಎಂಬುದನ್ನು ಶಫಿ ನೋಡಿದ. ಆಮೇಲೆ ಐಷಾರಾಮದ ರಿಸಾರ್ಟಿಗೆಂದು ಕಟ್ಟಿದ್ದ ಬ್ಲಾಂಕೆಟ್ ಬಿಚ್ಚಿ ಅಂಗಡಿಯ ನೆಲದ ಮೇಲೆ ಹಾಸಿ, ಮುಸ್‌ಅಬನ ಮಂಡಿಯ ಕೆಳಗೆ ಒಂದು ಮಡಿಸಿ ಇಟ್ಟು, ಇಬ್ಬರೂ ಮಲಗಿದರು. ಮುಸ್‌ಅಬ್ ಗೊರಕೆ ಹೊಡೆಯುತ್ತಿರಲಿಲ್ಲ. ಶಫಿ ಹೊಡೆಯುತ್ತಾನೆಂದು ಎದ್ದ ಮೇಲೆ ಗೊತ್ತಾಯಿತು.

ನಾಲ್ಕಕ್ಕೆ ಅಭ್ಯಾಸದಂತೆ ಎದ್ದು ಶಫಿ ಷಟರಿಗೆ ಕೈ ಹಾಕಿದ.

"ಬಿಡು," ಎಂದ ಮುಸ್‌ಅಬ್, ಮಲಗಿದಲ್ಲಿಂದಲೇ. "ಪುಸ್ತಕ ನೋಡಿದ್ದೇನೆ. ಮಂಗಳವಾರದ ತನಕ ಯಾರದ್ದೂ ಫ್ಲೈಟ್ ಇಲ್ಲ. ಇವತ್ತೊಂದು ಸಂಜೆ ಮುಚ್ಚಿರ್ಲಿ."

ಶಫಿ ತನ್ನ ಕಿವಿಯನ್ನು ನಂಬಲಿಲ್ಲ. ಮಾತಾಡಿದರೆ ಅವನು ಮನಸ್ಸು ಬದಲಿಸಿಯಾನೆಂದು ಸುಮ್ಮನೆ ಬಂದು ಕೂತ. ಆಮೇಲೆ ಮಾತು ಎಲ್ಲಿಂದ ಶುರುವಾಯಿತೋ. ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಶಫಿ ಕೇಳಲಿಲ್ಲ. ಶಾಲೆಯ ಮೇಷ್ಟ್ರು ಶ್ರೀನಿವಾಸಮೂರ್ತಿಗಳ ಸೈಕಲಿನ ಗಾಳಿ ತೆಗೆದದ್ದು ಯಾರು ಎಂಬ ನಲವತ್ತು ವರ್ಷದ ಹಳೆಯ ತಕರಾರು ಸಂಜೆಯ ಮಗ್ರಿಬ್ ನಮಾಜಿನ ತನಕ ನಡೆದು ಇತ್ಯರ್ಥವಾಗದೆ ಉಳಿಯಿತು. ನಿಕಾಹ್ ದಿನ ಅಂಗಡಿಯಲ್ಲಿ ಒಬ್ಬನೇ ಕೂತು ಅತ್ತದ್ದನ್ನು ಮುಸ್‌ಅಬ್ ಹೇಳಿದ; ಹೇಳಿ ಮುಗಿಸಿ, "ಹಲೀಮಳಿಗೆ ಹೇಳ್ಬೇಡ," ಎಂದ.

ನಮಾಜು ಮುಗಿದ ಮೇಲೆ ನುಹಾ ವೀಡಿಯೋ ಕಾಲ್ ಮಾಡಿದಳು. ದೀಪ ಹಚ್ಚಿದ ಹೋಟೆಲಿನ ಎದುರು ಶಮೀಮಾ, ಹಲೀಮ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು, ಬಿದ್ದು, ಎದ್ದು, ಮತ್ತೆ ಬಿದ್ದು ನಗುತ್ತಿದ್ದರು. ಮುಸ್‌ಅಬ್ ಫೋನನ್ನು ಮುಖದ ಹತ್ತಿರ ಹಿಡಿದು ಆ ಬಿಳಿ ಬೆಟ್ಟವನ್ನು ತುಂಬ ಹೊತ್ತು ನೋಡಿದ. "ಚಂದ ಉಂಟು," ಎಂದ. "ಆದ್ರೆ ಒಂದು ಅಂಗಡಿ ಕಾಣುದಿಲ್ಲ."

ಮಗನ ಮನೆಗೆ ಹೋಗಲು ಮುಸ್‌ಅಬ್ ಬಸ್ ಸ್ಟಾಪಿನ ತನಕ ನಡೆದ. ಶಫಿ ಅವನ ಕಾಲಿನ ಗತಿಗೆ ತನ್ನ ಹೆಜ್ಜೆ ನಿಧಾನ ಮಾಡಿಕೊಂಡು ಜತೆಗೆ ಹೋದ. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮುಸ್‌ಅಬ್ ಹಿಂದೆ ತಿರುಗಿದ.

"ಬೆಳಿಗ್ಗೆ ಎಂಟಕ್ಕೆ ತೆಗೀತೇನೆ," ಎಂದ. "ನೀನು ಬರ್ತೀಯಲ್ಲ?"

ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಇನ್ನೊಬ್ಬನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಬರ್ತೇನೆ," ಎಂದ ಶಫಿ. "ಬರುವಾಗ ಒಂದು ಕುರ್ಚಿ ತರ್ತೇನೆ."